ಹಳೇ ಹಾಯಿದೋಣಿ ಬೇಕೇ? ಮೊದಲು ಕೈ ತೋರಿಸಿ

ಮಳೆಗಾಲ ಕಳೆದು ಮುಂಬೈಯ ಸಮುದ್ರ ತಣ್ಣಗಾಗುವ ಹೊತ್ತಿಗೆ, ದಸರಾ ದೀಪಾವಳಿಯ ನಡುವೆ, ನನಗೆ ಫೋನುಗಳು ಶುರುವಾಗುತ್ತವೆ. ಮಾಡುವವರು ಹೆಚ್ಚುಕಡಿಮೆ ನಮ್ಮಂಥವರೇ. ಕೆಲಸ ಅಂಧೇರಿಯಲ್ಲೋ ಪುಣೆಯಲ್ಲೋ, ಊರು ಕುಂದಾಪುರವೋ ಧಾರವಾಡವೋ ತುಮಕೂರೋ. ಹೈದರಾಬಾದಿನ ಹುಸೇನ್ ಸಾಗರದಲ್ಲಿ ಪುಟ್ಟ ಡಿಂಗಿ ಓಡಿಸಲು ಕಲಿತವರೂ ಒಬ್ಬಿಬ್ಬರು ಇರುತ್ತಾರೆ. ಪ್ರಶ್ನೆ ಮಾತ್ರ ಒಂದೇ: "30 ಅಡಿಯ ಹಾಯಿದೋಣಿ ಮಾರಾಟಕ್ಕಿದೆಯಂತೆ. ಹಳೆಯದು, ಆದರೆ ಹೊಸ ಕಾರಿಗಿಂತ ಅಗ್ಗ. ಒಳಗೆ ನಾಲ್ಕು ಜನ ಮಲಗಬಹುದು, ಒಲೆ ಇದೆ, ಟಾಯ್ಲೆಟ್ ಇದೆ. ತಗೊಳ್ಳಲಾ?"

ಬೇಡ ಎನ್ನುತ್ತೇನೆ. ಹಳೆಯದು ಎಂಬ ಕಾರಣಕ್ಕಲ್ಲ. ನಾನು ಮತ್ತು ಇಬ್ಬರು ಗೆಳೆಯರು ಹನ್ನೆರಡು ವರ್ಷಗಳಿಂದ ಸಾಕುತ್ತಿರುವ 28 ಅಡಿಯ ಫೈಬರ್‌ಗ್ಲಾಸ್ ದೋಣಿ ನಮ್ಮ ಮೂವರಲ್ಲಿ ಒಬ್ಬನಿಗಿಂತ ವಯಸ್ಸಿನಲ್ಲಿ ಹಿರಿಯದು. ಹಳೇ ದೋಣಿಯ ಪರವಾಗಿ ಯಾರ ಜೊತೆ ಬೇಕಾದರೂ ವಾದಕ್ಕೆ ಕೂರಬಲ್ಲೆ. ನನ್ನ ತಕರಾರು ಕೊಳ್ಳುವವರ ಬಗ್ಗೆ. ತನ್ನ ಕೈಯಿಂದ ಕೆಲಸ ಮಾಡುವ ಇರಾದೆ ಇಲ್ಲದವನು ಹಳೇ ಹಾಯಿದೋಣಿಯನ್ನು ಕೊಳ್ಳಕೂಡದು. ಕೊಂಡರೆ ದೋಣಿಯನ್ನು ಕೊಲ್ಲುತ್ತಾನೆ. ಜೊತೆಗೆ, ತನ್ನ ಬದಲಿಗೆ ಆ ದೋಣಿಯ ಮೇಲೆ ದುಡಿಯುವವನ ಜೀವವನ್ನೂ ಪಣಕ್ಕಿಡುತ್ತಾನೆ.

ಮೊದಲು ಅಗ್ಗದ ಮಾತು. "ಪುಕ್ಕಟೆ ಸಿಕ್ಕರೆ ನನಗೊಂದು ಇರಲಿ, ನಮ್ಮಪ್ಪನಿಗೊಂದು ಇರಲಿ" ಎನ್ನುವ ಗಾದೆ ದೋಣಿಗಳ ವಿಷಯದಲ್ಲಿ ಆಸ್ತಿ ಕಳೆಯುವ ದಾರಿ. ದೋಣಿಯ ವರ್ಷದ ಖರ್ಚು ಅದರ ಬೆಲೆಯ ಶೇಕಡಾ 10 ಎಂದು ಎಲ್ಲ ಕಡೆ ಹೇಳುತ್ತಾರೆ. ಆರು ಲಕ್ಷಕ್ಕೆ ದೋಣಿ ಕೊಂಡವನು ವರ್ಷಕ್ಕೆ ಅರವತ್ತು ಸಾವಿರ ಎಂದು ಲೆಕ್ಕ ಹಾಕಿ ಹಾಯಾಗಿ ನಿದ್ದೆ ಮಾಡುತ್ತಾನೆ. ಯಾವ ಬೆಲೆಯ ಶೇಕಡಾ 10 ಎಂದು ಮಾತ್ರ ಅವನು ಕೇಳಿರುವುದಿಲ್ಲ. ಹಗ್ಗ ಮಾರುವವನು ದೋಣಿಯ ವಯಸ್ಸು ಕೇಳುವುದಿಲ್ಲ, ಉದ್ದ ಕೇಳುತ್ತಾನೆ. ಹಾಯಿ ಹೊಲಿಯುವವನು ಚದರಡಿ ಕೇಳುತ್ತಾನೆ. ತಳಕ್ಕೆ ಬಳಿಯುವ ಬಣ್ಣಕ್ಕೆ ಡಬ್ಬಿಯ ಲೆಕ್ಕ. ಅದೇ ಉದ್ದದ ಹೊಸ ದೋಣಿ ಇಂದು ಎಷ್ಟಕ್ಕೆ ಬರುತ್ತದೋ, ಅದರ ಖರ್ಚೇ ನಿಮ್ಮ ಹಳೆಯದಕ್ಕೂ ಬರುತ್ತದೆ. ನೀವು ಕೊಟ್ಟ ಆರು ಲಕ್ಷ ಬರೀ ಪ್ರವೇಶಶುಲ್ಕ.

ಉದ್ದದ ವಿಷಯಕ್ಕೆ ಬಂದರೆ ಇನ್ನೊಂದು ಲೆಕ್ಕವಿದೆ. ಒಂದೇ ಆಕಾರದ ಎರಡು ದೋಣಿಗಳಲ್ಲಿ ಒಂದು 24 ಅಡಿ, ಇನ್ನೊಂದು 36 ಅಡಿ ಎಂದುಕೊಳ್ಳಿ. ಉದ್ದ ಒಂದೂವರೆ ಪಟ್ಟು. ಹಾಯಿಯ ವಿಸ್ತೀರ್ಣ ಎರಡೂಕಾಲು ಪಟ್ಟು. ತೂಕ ಮೂರು ಪಟ್ಟಿಗೂ ಹೆಚ್ಚು. ಲಂಗರು, ಸರಪಳಿ, ಎಂಜಿನ್, ಹಾಯಿ ಎಳೆಯುವ ವಿಂಚು ಎಲ್ಲವೂ ಈ ತೂಕದ ಹಿಂದೆ ಓಡುತ್ತವೆ. ಲಿನ್ ಮತ್ತು ಲ್ಯಾರಿ ಪಾರ್ಡಿ ದಂಪತಿ 'ಸೆರಾಫಿನ್' ಎಂಬ 24 ಅಡಿಯ ಮರದ ದೋಣಿಯನ್ನು ತಾವೇ ಕಟ್ಟಿ, 1968ರಲ್ಲಿ ನೀರಿಗಿಳಿಸಿ, ಎಂಜಿನ್ನೇ ಇಲ್ಲದೆ ಭೂಮಿಯನ್ನು ಸುತ್ತಿ ಬಂದರು. ನಮ್ಮವರಿಗೆ ಮಾತ್ರ ಅಲಿಬಾಗಿಗೆ ಹೋಗಿ ಭಾನುವಾರ ಸಂಜೆ ವಾಪಸಾಗಲು 40 ಅಡಿ ಬೇಕು. ನಾಲ್ಕು ಜನ ಮಲಗಬಹುದಾದ ಕಡೆ ಆರು ಜನ ಮಲಗಬಹುದಲ್ಲ ಎನ್ನುತ್ತಾರೆ. ಆರು ಜನ ಎಂದೂ ಬರುವುದಿಲ್ಲ. ಸೊಳ್ಳೆ, ಸೆಕೆ, ಡೀಸೆಲ್ ವಾಸನೆ ಕಂಡ ಮೇಲೆ ಎರಡನೇ ಸಲ ಇಬ್ಬರು ಬಂದರೆ ಪುಣ್ಯ.

ಹಾಗಾದರೆ ಹೊಸದನ್ನೇ ಕೊಳ್ಳೋಣ ಎನ್ನುವವರೂ ಇದ್ದಾರೆ. ಅವರ ಮಾತೂ ಅರ್ಧ ಸತ್ಯವೇ. 2014ರ ಮೇ ತಿಂಗಳಲ್ಲಿ 'ಚೀಕಿ ರಫೀಕಿ' ಎಂಬ ಬ್ರಿಟಿಷ್ ಹಾಯಿದೋಣಿ ಆಂಟಿಗುವಾದಿಂದ ಇಂಗ್ಲೆಂಡಿಗೆ ಮರಳುವಾಗ ಅಟ್ಲಾಂಟಿಕ್ ಮಧ್ಯದಲ್ಲಿ ಅದರ ಕೀಲ್ ಕಳಚಿ ಬಿತ್ತು. ಕೀಲ್ ಎಂದರೆ ದೋಣಿಯ ತಳದಲ್ಲಿ ಜೋತಿರುವ ಭಾರದ ರೆಕ್ಕೆ. ಗಾಳಿ ದೋಣಿಯನ್ನು ಮಗುಚಲು ನೋಡಿದಾಗ ಎತ್ತಿ ನಿಲ್ಲಿಸುವುದು ಅದೇ. ನಾಲ್ವರು ಹಿಂದಿರುಗಲಿಲ್ಲ. ಆ ದೋಣಿ ಕಟ್ಟಿದ್ದು 2006ರಲ್ಲಿ, ಎಂಟೇ ವರ್ಷ. ಅದು ಹಿಂದೆ ಹಲವು ಸಲ ನೆಲಕ್ಕೆ ತಾಗಿತ್ತು, ಆಮೇಲಿನ ದುರಸ್ತಿಗಳಲ್ಲಿ ಕೀಲ್ ಕೂರುವ ಜಾಗ ದುರ್ಬಲವಾಗಿದ್ದಿರಬಹುದು ಎಂದು ಬ್ರಿಟಿಷ್ ತನಿಖೆ ಹೇಳಿತು. ಹುಟ್ಟಿದ ವರ್ಷಕ್ಕಿಂತ ಏನೇನು ಪೆಟ್ಟು ತಿಂದಿದೆ, ಆ ಪೆಟ್ಟನ್ನು ಯಾರು ಹೇಗೆ ನೋಡಿದರು ಎಂಬುದೇ ಮುಖ್ಯ.

ಇನ್ನೊಂದು ಕಡೆ ಗೋಲ್ಡನ್ ಗ್ಲೋಬ್ ರೇಸ್ ನೋಡಿ. ಒಬ್ಬರೇ, ಎಲ್ಲೂ ನಿಲ್ಲದೆ, ಭೂಮಿ ಸುತ್ತುವ ಪಂದ್ಯ. ಈಗಿನ ನಿಯಮದ ಪ್ರಕಾರ ದೋಣಿ 32ರಿಂದ 36 ಅಡಿಯೊಳಗಿರಬೇಕು, ಅದರ ವಿನ್ಯಾಸ 1988ಕ್ಕಿಂತ ಹಿಂದಿನದಾಗಿರಬೇಕು, ಕೀಲ್ ಉದ್ದಕ್ಕೂ ಇದ್ದು ಚುಕ್ಕಾಣಿ ಅದರ ತುದಿಗೇ ಅಂಟಿಕೊಂಡಿರಬೇಕು. 2018ರ ಪಂದ್ಯ ಗೆದ್ದ ಫ್ರಾನ್ಸಿನ ಜ್ಯಾಂ-ಲುಕ್ ವಾನ್ ಡೆನ್ ಹೀಡ್ ಅವರಿಗೆ ದಡ ಮುಟ್ಟಿದಾಗ 73 ವರ್ಷ, ದೋಣಿ ರಸ್ಲರ್ 36. 2023ರಲ್ಲಿ ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟಾಮಿ ಎರಡನೆಯವರಾಗಿ ಮುಟ್ಟಿದ್ದೂ ಅದೇ ಮಾದರಿಯ ದೋಣಿಯಲ್ಲಿ. ಹಿಂದಿನ ಪಂದ್ಯದಲ್ಲಿ ಹಿಂದೂ ಮಹಾಸಾಗರದ ದಕ್ಷಿಣದಲ್ಲಿ ಮಾಸ್ಟ್ ಮುರಿದು, ಬೆನ್ನುಮೂಳೆಗೆ ಪೆಟ್ಟಾಗಿ, ಫ್ರೆಂಚ್ ಹಡಗೊಂದು ಎತ್ತಿಕೊಂಡು ಬಂದಿದ್ದ ಮನುಷ್ಯ ಅವರು. ಮತ್ತೆ ಹೊರಡುವಾಗ ಹೊಸ ತಂತ್ರಜ್ಞಾನವನ್ನು ನಂಬಿ ಹೋಗಲಿಲ್ಲ, ಹಳೇ ಮಾದರಿಯ ದೋಣಿಯನ್ನು ಇಂಚಿಂಚೂ ಸಜ್ಜುಗೊಳಿಸಿಕೊಂಡು ಹೋದರು. ಹಳೆಯದು ಎಂಬ ಒಂದೇ ಕಾರಣಕ್ಕೆ ದೋಣಿಯನ್ನು ಹೀಗಳೆಯುವವರಿಗೆ ಇಷ್ಟು ಉತ್ತರ ಸಾಕು.

ಹಳೆಯದು ಒಳ್ಳೆಯದೂ ಆಗಬಹುದು, ಹೆಣವೂ ಆಗಬಹುದು. ವ್ಯತ್ಯಾಸ ಗೊತ್ತಾಗುವುದು ಹೇಗೆ? ನಮ್ಮವರು ನೋಡುವುದು ಕುಶನ್ನು, ಪಾಲಿಶು, ಪರದೆ. ಮಾರುವವನಿಗೂ ಅದು ಗೊತ್ತು. ಮಾರಾಟಕ್ಕೆ ಹದಿನೈದು ದಿನ ಮೊದಲು ತೇಗದ ಕೈಪಿಡಿಗೆ ವಾರ್ನಿಶ್ ಹೊಡೆಸಿ, ಒಳಗೊಂದು ಊದುಬತ್ತಿ ಹಚ್ಚಿರುತ್ತಾನೆ. ಊದುಬತ್ತಿಯ ವಾಸನೆ ಬಂದ ದೋಣಿಯಲ್ಲಿ ನಾನು ಮೊದಲು ನೆಲದ ಹಲಗೆ ಎತ್ತಿಸುತ್ತೇನೆ.

ಡೆಕ್ಕಿನ ಮೇಲೆ ಮೊಣಕಾಲೂರಿ, ಸಣ್ಣ ಮರದ ಸುತ್ತಿಗೆಯಿಂದ ಗೇಣಿಗೊಂದು ಪೆಟ್ಟು ತಟ್ಟುತ್ತ ಹೋಗಿ. ಹಲಸಿನ ಹಣ್ಣು ತಟ್ಟಿ ನೋಡಿದವರಿಗೆ ಇದನ್ನು ಕಲಿಸಬೇಕಿಲ್ಲ. ಗಟ್ಟಿ ಇರುವ ಕಡೆ ಟಣ್ ಎನ್ನುತ್ತದೆ, ಒಳಗಿನ ಬಾಲ್ಸಾ ಮರ ನೀರು ಕುಡಿದು ಕೊಳೆತ ಕಡೆ ಬೊದ್ ಎನ್ನುತ್ತದೆ. ಹಳೇ ಫೈಬರ್‌ಗ್ಲಾಸ್ ದೋಣಿಗಳ ಒಡಲು ಸಾಮಾನ್ಯವಾಗಿ ದಪ್ಪ, ಅದು ಬೇಗ ಸಾಯುವುದಿಲ್ಲ. ಸಾಯುವುದು ಡೆಕ್ಕು. ಯಾವನೋ ಹತ್ತು ವರ್ಷದ ಹಿಂದೆ ಒಂದು ಕೊಕ್ಕೆ ಕೂರಿಸಲು ರಂಧ್ರ ಕೊರೆದು, ಅದರ ಸುತ್ತ ಸರಿಯಾಗಿ ಮುಚ್ಚದೆ ಬಿಟ್ಟಿರುತ್ತಾನೆ. ನಾಲ್ಕು ತಿಂಗಳ ಮಳೆ ಆ ಒಂದು ತೂತಿನಿಂದಲೇ ಒಳಗಿಳಿಯುತ್ತದೆ.

ಆಮೇಲೆ ಮಾಸ್ಟು. ನಮ್ಮ ಅಳತೆಯ ಸಾಮಾನ್ಯ ದೋಣಿಯಲ್ಲಿ ಅದನ್ನು ಎಂಟು ಉಕ್ಕಿನ ತಂತಿಗಳು ಎಳೆದು ನಿಲ್ಲಿಸಿರುತ್ತವೆ. ಎಂಟು ತಂತಿಗೆ ಹದಿನಾರು ತುದಿ. ಹದಿನಾರರಲ್ಲಿ ಒಂದು ಕೈಕೊಟ್ಟರೂ ಮಾಸ್ಟು ಕೆಳಗೆ ಬರಬಹುದು. ಪಕ್ಕದ ತಂತಿಗಳ ಬುಡ ಡೆಕ್ಕನ್ನು ತೂರಿ ಇಳಿಯುವ ಚೈನ್‌ಪ್ಲೇಟ್ ಎಂಬ ಪಟ್ಟಿಗೆ ಸೇರುತ್ತದೆ. ಅದು ಸ್ಟೇನ್‌ಲೆಸ್ ಸ್ಟೀಲು, ತುಕ್ಕು ಹಿಡಿಯುವುದಿಲ್ಲ ಎಂದು ನಂಬಿಸಿದ್ದಾರೆ. ಆ ಉಕ್ಕಿನ ಮೇಲಿರುವ ಕ್ರೋಮಿಯಂ ಆಕ್ಸೈಡಿನ ತೆಳು ಪದರ ಗಾಳಿ ಸಿಕ್ಕುವ ತನಕ ಮಾತ್ರ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳುತ್ತದೆ. ಡೆಕ್ಕಿನ ಒಳಗೆ, ಒದ್ದೆ ಮರದ ನಡುವೆ, ಗಾಳಿಯಿಲ್ಲದ ಕಡೆ ಅದು ಬಿರುಕು ಬಿಡುತ್ತದೆ. ಮೇಲೆ ಕಾಣುವ ಭಾಗ ಕನ್ನಡಿಯಂತೆ ಹೊಳೆಯುತ್ತಿರುತ್ತದೆ, ಒಳಗಿನ ಎರಡಂಗುಲ ಬಿಸ್ಕತ್ತಾಗಿರುತ್ತದೆ. ಇದು ಕಾಣಬೇಕಾದರೆ ಒಂದೇ ದಾರಿ: ಬೋಲ್ಟು ಬಿಚ್ಚಿ, ಪಟ್ಟಿಯನ್ನು ಹೊರಗೆಳೆದು, ಭೂತಗನ್ನಡಿ ಹಿಡಿದು ನೋಡುವುದು. ಕೂತಲ್ಲಿಂದ, ಮೊಬೈಲಿಗೆ ಬಂದ ಫೋಟೋದಿಂದ ಆಗುವ ಕೆಲಸವಲ್ಲ.

ಮೂರನೆಯದು ನೀರಿನ ಕೆಳಗಿನ ತೂತುಗಳು. ಎಂಜಿನ್ ತಂಪಾಗಿಸಲು ಒಂದು, ಟಾಯ್ಲೆಟ್ಟಿಗೆ ಎರಡು, ಸಿಂಕಿಗೆ ಒಂದು. ಪ್ರತಿಯೊಂದಕ್ಕೂ ಸೀಕಾಕ್ ಎಂಬ ನಲ್ಲಿ. ಇದು ಕಂಚಿನದಾಗಿರಬೇಕು. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ ಹಿತ್ತಾಳೆ ನಲ್ಲಿಯೂ ನೋಡಲು ಹಾಗೇ ಇರುತ್ತದೆ, ಬೆಲೆ ಕಡಿಮೆ. ಉಪ್ಪುನೀರು ಹಿತ್ತಾಳೆಯೊಳಗಿನ ಸತುವನ್ನು ಮೆಲ್ಲಗೆ ತಿಂದುಹಾಕುತ್ತದೆ, ಉಳಿಯುವುದು ನಸುಗೆಂಪು ಬಣ್ಣದ ಟೊಳ್ಳು ತಾಮ್ರ. ಉಗುರಿನಿಂದ ಕೆರೆದರೂ ಆ ಕೆಂಪು ಕಾಣುತ್ತದೆ. ಒಂದು ದಿನ ಹಿಡಿ ತಿರುಗಿಸುವಾಗ ನಲ್ಲಿಯೇ ಕೈಗೆ ಬರುತ್ತದೆ. ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ ಒಂದೂವರೆ ಅಂಗುಲದ ತೂತಿದ್ದರೆ ನಿಮಿಷಕ್ಕೆ 100 ಲೀಟರಿಗೂ ಹೆಚ್ಚು ನೀರು ಒಳಗೆ ಬರುತ್ತದೆ. ಎರಡು ನಿಮಿಷದೊಳಗೆ ನೀರಿನ ದೊಡ್ಡ ಡ್ರಮ್ ಒಂದು ತುಂಬುವಷ್ಟು. ಪ್ರತಿ ನಲ್ಲಿಯ ಪಕ್ಕ ಸರಿಯಾದ ಅಳತೆಯ ಮರದ ಬೆಣೆಯೊಂದು ದಾರದಲ್ಲಿ ತೂಗುತ್ತಿದೆಯೇ ಎಂದು ನೋಡಿ. ಇದ್ದರೆ ಹಿಂದಿನ ಮಾಲೀಕ ದೋಣಿಯನ್ನು ಬಲ್ಲವನು.

ಎಂಜಿನ್ ಓಡಿ ಹಾಳಾಗುವುದಕ್ಕಿಂತ ಹೆಚ್ಚಾಗಿ ಓಡದೆ ಹಾಳಾಗುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ತೇವ ಇಳಿದು ಡೀಸೆಲಿನ ತಳಕ್ಕೆ ನೀರು ಸೇರುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಗೆರೆಯಲ್ಲಿ ಕಪ್ಪು ಲೋಳೆಯಂಥ ಜೀವಿಗಳು ಬೆಳೆಯುತ್ತವೆ. ಸಮುದ್ರ ಶಾಂತವಿದ್ದಾಗ ಅವು ತಳದಲ್ಲಿರುತ್ತವೆ. ಅಲೆ ಎದ್ದಾಗ, ಅಂದರೆ ಎಂಜಿನ್ ಬೇಕೇಬೇಕಾದಾಗ, ಕಲಕಿ ಫಿಲ್ಟರಿಗೆ ಬರುತ್ತವೆ. ತಂಪು ನೀರು ಎಳೆಯುವ ಪಂಪಿನೊಳಗೆ ಅಂಗೈಯಗಲದ ರಬ್ಬರ್ ಚಕ್ರವಿದೆ. ನಮ್ಮ ಬಂದರಿನಲ್ಲಿ ತೇಲುವ ಒಂದು ಪ್ಲಾಸ್ಟಿಕ್ ಚೀಲ ಆ ದಾರಿಗೆ ಅಡ್ಡ ಬಂದರೆ ಕೆಲವೇ ನಿಮಿಷದಲ್ಲಿ ಅದು ಚೂರಾಗುತ್ತದೆ. ಬದಲಿಸಲು ಆರು ಸ್ಕ್ರೂ ಬಿಚ್ಚಿದರೆ ಸಾಕು. ಕತ್ತಲಲ್ಲಿ, ದೋಣಿ ಹೊಯ್ದಾಡುವಾಗ, ತಲೆಕೆಳಗಾಗಿ ಬಾಗಿ ಅದನ್ನು ಮಾಡಬಲ್ಲಿರಾ? ಮಾಡಬಲ್ಲವನು ಬಂದರಿಗೆ ಮರಳುತ್ತಾನೆ, ಮಾಡಲಾರದವನು ಇನ್ನೊಬ್ಬರಿಗೆ ಫೋನ್ ಮಾಡುತ್ತಾನೆ.

ಇಷ್ಟರಲ್ಲಿ ನಿಮಗೊಂದು ಉಪಾಯ ಹೊಳೆದಿರುತ್ತದೆ. "ಇದಕ್ಕೆಲ್ಲ ಜನ ಇದ್ದಾರಲ್ಲ!" ನನ್ನ ನಿಜವಾದ ಜಗಳ ಇರುವುದು ಈ ವಾಕ್ಯದ ಜೊತೆ.

ಜನ ಇದ್ದಾರೆ, ಹೌದು. ಮುಂಬೈಯ ದೋಣಿಗಳನ್ನು ತೇಲಿಸಿಟ್ಟಿರುವವರು ತಾಂಡೇಲರು ಮತ್ತು ಖಲಾಸಿಗಳು. ಹೆಚ್ಚಿನವರು ರಾಯಗಡ, ರತ್ನಾಗಿರಿಯ ಕಡೆಯವರು. ತಾಂಡೇಲ ಎಂಬ ಶಬ್ದ ನನಗೆ ಹೊಸದಲ್ಲ. ನಮ್ಮೂರು ಹೊನ್ನಾವರದ ಕಡೆ, ಅಲ್ಲಿಯೂ ದೋಣಿಯ ಹಿರಿಯನಿಗೆ ಅದೇ ಹೆಸರು. ಗಾಳಿ ಯಾವ ಕಡೆ ತಿರುಗುತ್ತದೆ ಎಂದು ಆ್ಯಪ್ ನೋಡದೆ ಹೇಳಬಲ್ಲವರು. ಇಂಥವರನ್ನು ನಮ್ಮ ಮಾಲೀಕರು ನಡೆಸಿಕೊಳ್ಳುವ ರೀತಿ ನೋಡಿ. ತಾಂಡೇಲ ಹೇಳುತ್ತಾನೆ: ಸಾಹೇಬರೇ, ಮುಂದಿನ ತಂತಿಯ ಒಂದು ಎಳೆ ಕಿತ್ತಿದೆ, ಬದಲಿಸಬೇಕು. ಸಾಹೇಬರು ಅದನ್ನು ನೋಡಲು ಬಾಗುವುದಿಲ್ಲ. ಬಾಗಿದರೂ ಏನು ನೋಡಬೇಕೆಂದು ಗೊತ್ತಿಲ್ಲ. ಗೊತ್ತಿಲ್ಲದ್ದಕ್ಕೆ, ಇವನು ಅಂಗಡಿಯವನ ಜೊತೆ ಸೇರಿ ಕಮಿಷನ್ ಹೊಡೆಯುತ್ತಿದ್ದಾನೆ ಎಂಬ ಅನುಮಾನ. ಮುಂದಿನ ಸೀಸನ್ನಿಗೆ ನೋಡೋಣ ಎನ್ನುತ್ತಾರೆ. ಆದರೆ ಮಾಸ್ಟು ಬೀಳುವ ದಿನ ಅದರ ಬುಡದಲ್ಲಿ ಹಗ್ಗ ಹಿಡಿದು ನಿಂತಿರುವವನು ತಾಂಡೇಲ. ಸಾಹೇಬರು ಹಿಂದೆ, ಕಾಕ್‌ಪಿಟ್ಟಿನ ನೆರಳಲ್ಲಿ, ಬಿಯರ್ ಡಬ್ಬಿಯ ಜೊತೆ ಕೂತಿರುತ್ತಾರೆ.

"ಆಳು ಮಾಡಿದ್ದು ಹಾಳು" ಎಂಬ ಗಾದೆಯನ್ನು ಇಂಥ ಕಡೆ ನಮ್ಮವರು ಧಾರಾಳವಾಗಿ ಬಳಸುತ್ತಾರೆ. ಬಂದರಿನಲ್ಲಿ ನಾನು ಕಂಡದ್ದು ಅದರ ತಿರುವುಮುರುವು. ಆಳು ಹೇಳಿದ್ದನ್ನು ಧಣಿ ಕೇಳದೆ ಹಾಳು. ಸಲಕರಣೆ ಕೊಡದೆ, ಬಿಡಿಭಾಗ ತರಿಸದೆ, ತೀರ್ಮಾನಿಸುವ ಅಧಿಕಾರವನ್ನೂ ಕೊಡದೆ, ಕೊನೆಗೆ ದೋಷವನ್ನಷ್ಟೇ ಅವನ ತಲೆಗೆ ಕಟ್ಟುವ ಏರ್ಪಾಡಿದು.

"ನಾವು ನಾಲ್ಕು ಜನಕ್ಕೆ ಉದ್ಯೋಗ ಕೊಡುತ್ತಿದ್ದೇವೆ, ಅದೂ ತಪ್ಪೇ?" ಎಂದು ಒಬ್ಬರು ನನ್ನನ್ನು ಕೇಳಿದ್ದಾರೆ. ಉದ್ಯೋಗ ಕೊಡಿ. ನಾವೂ ಕೊಡುತ್ತೇವೆ. ಎಂಜಿನ್ ಪೂರ್ತಿ ಬಿಚ್ಚುವುದಕ್ಕೆ ಮೆಕ್ಯಾನಿಕ್ ಬೇಕು, ಹಾಯಿ ಹೊಲಿಯುವುದಕ್ಕೆ ಹಾಯಿಯವನು ಬೇಕು. ನಾವು ಮೂವರೂ ಪಾಲಿಸುವ ನಿಯಮ ಇಷ್ಟೇ: ನಾವು ಒಮ್ಮೆಯೂ ಕೈಯಿಂದ ಮುಟ್ಟಿ ನೋಡದ ಭಾಗವನ್ನು ನಂಬಿ ಇನ್ನೊಬ್ಬನನ್ನು ಸಮುದ್ರದಲ್ಲಿ ನಿಲ್ಲಿಸುವುದಿಲ್ಲ. ಮಾಸ್ಟಿನ ತುದಿಗೆ ಯಾರನ್ನಾದರೂ ಹತ್ತಿಸುವ ಮೊದಲು ಆ ಹಗ್ಗ, ಆ ರಾಟೆ, ಆ ಕುರ್ಚಿಯ ಹೊಲಿಗೆ ನಮ್ಮ ಕಣ್ಣಿಗೆ ಬಿದ್ದಿರಬೇಕು. ವರ್ಷಕ್ಕೆ ಒಮ್ಮೆ ನಾವೂ ಹತ್ತಬೇಕು. ಹಾಗೆ ಹತ್ತಿದವನು ತಂತಿ ಬದಲಿಸುವ ಖರ್ಚಿಗೆ ಚೌಕಾಶಿ ಮಾಡುವುದಿಲ್ಲ.

ಕೈಕೆಲಸ ಕೀಳು ಎಂಬುದು ನಮಗೆ ಯಾರೂ ಬಾಯಿಬಿಟ್ಟು ಕಲಿಸಿದ ಪಾಠವಲ್ಲ. ಯಾರ ಮನೆಯಲ್ಲಿ ಯಾರು ಚರಂಡಿ ಶುಚಿ ಮಾಡುತ್ತಿದ್ದರು, ಯಾರು ಮಾಡುತ್ತಿರಲಿಲ್ಲ ಎಂಬುದನ್ನು ನೋಡಿ ನೋಡಿ ಬಂದದ್ದು. ಪದವಿ, ಪಾಸ್‌ಪೋರ್ಟ್, ಮಹಾನಗರ ಎಲ್ಲ ಸೇರಿದರೂ ಅದನ್ನು ತೊಳೆದಿಲ್ಲ. ದೋಣಿಯ ಟಾಯ್ಲೆಟ್ಟಿನ ಪಂಪು ಕಟ್ಟಿಕೊಂಡ ದಿನ ಅದು ಹೊರಬೀಳುತ್ತದೆ. ಜಾತಿ ಗೀತಿ ನಂಬುವುದಿಲ್ಲ ಎಂದು ಭಾಷಣ ಮಾಡುವ ನಾಲ್ವರು ದೋಣಿಯಲ್ಲಿದ್ದರೆ, ಆ ಪಂಪನ್ನು ಯಾರು ಬಿಚ್ಚುತ್ತಾರೆ ಎಂದು ನೋಡಿ. ಐದನೆಯವನು, ಖಲಾಸಿ. ಹಳೇ ದೋಣಿ ಕೊಳ್ಳಲು ನನ್ನ ಸಲಹೆ ಕೇಳುವವರಿಗೆ ನಾನು ಇಡುವ ಪರೀಕ್ಷೆ ಇದೇ. ಆ ಪಂಪನ್ನು ನೀವು ಬಿಚ್ಚುವಿರಾದರೆ ಮುಂದಿನ ಮಾತು ಆಡೋಣ.

ಇದೇ ಮುಂಬೈಯಲ್ಲಿ ಹುಟ್ಟಿದ ಒಂದು ದೋಣಿಯ ಕಥೆ ಇಲ್ಲಿ ಹೇಳಲೇಬೇಕು. ಹೆಸರು 'ಸುಹೈಲಿ'. ಕೊಲ್ಲಿಯ ಅರಬ್ ನಾವಿಕರು ಆಗ್ನೇಯದ ಗಾಳಿಗೆ ಇಟ್ಟ ಹೆಸರದು. ರಾಬಿನ್ ನಾಕ್ಸ್-ಜಾನ್ಸ್ಟನ್ ಎಂಬ ಇಂಗ್ಲಿಷ್ ಹಡಗಿನ ಅಧಿಕಾರಿ ಅದನ್ನು ಇಲ್ಲಿಯ ಕೊಲಾಬಾದಲ್ಲಿ ಕಟ್ಟಿಸಿದರು. 32 ಅಡಿ, ಭಾರತದ ತೇಗ, ಎರಡು ಮಾಸ್ಟು. ನಮ್ಮ ಬಡಗಿಗಳು ಬಾಚಿ, ಬೈರಿಗೆ ಹಿಡಿದು ಕಟ್ಟಿದ ಆ ದೋಣಿ 1964ರಲ್ಲಿ ನೀರಿಗಿಳಿಯಿತು. 1968ರ ಜೂನ್ 14ರಂದು ಅವರು ಅದರಲ್ಲೇ ಫಾಲ್ಮತ್ತಿನಿಂದ ಒಬ್ಬರೇ ಹೊರಟರು. ಮೊದಲ ಗೋಲ್ಡನ್ ಗ್ಲೋಬ್ ಪಂದ್ಯಕ್ಕೆ ಒಂಬತ್ತು ಜನ ಹೊರಟಿದ್ದರು. 312 ದಿನಗಳ ನಂತರ, 1969ರ ಏಪ್ರಿಲ್ 22ರಂದು, ಮುಗಿಸಿ ಬಂದವರು ಅವರೊಬ್ಬರೇ. ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ ಮೊದಲ ಮನುಷ್ಯ. ಅಟ್ಲಾಂಟಿಕ್ಕಿನಲ್ಲೇ ಕೀಲಿನ ಹತ್ತಿರದ ಹಲಗೆ ಸಂದಿಗಳಿಂದ ನೀರು ಜಿನುಗತೊಡಗಿತ್ತು. ಅವರು ಸಮುದ್ರಕ್ಕೆ ಧುಮುಕಿ, ಉಸಿರು ಹಿಡಿದು, ದೋಣಿಯ ಅಡಿಯಲ್ಲಿ ಸಂದಿಗೆ ಹತ್ತಿ ತುರುಕಿದರು, ಮೇಲೆ ಕ್ಯಾನ್‌ವಾಸ್ ಪಟ್ಟಿ ಹೊಡೆದರು, ಅದರ ಮೇಲೆ ತಾಮ್ರದ ತಗಡು ಹೊದಿಸಿದರು. ಮುಂದೆ ರೇಡಿಯೋ ಕೆಟ್ಟಿತು, ಕುಡಿಯುವ ನೀರು ಕೆಟ್ಟಿತು, ದೋಣಿಯನ್ನು ತಾನಾಗಿ ನಡೆಸುವ ಸಾಧನ ಆಸ್ಟ್ರೇಲಿಯಾದ ಹತ್ತಿರ ಮುರಿದುಹೋಯಿತು. ದೋಣಿ ಉಳಿದದ್ದು ಅದನ್ನು ಕಟ್ಟಿದವರ ಕೈ ಮತ್ತು ನಡೆಸಿದವನ ಕೈ ಎರಡೂ ಗಟ್ಟಿಯಾಗಿದ್ದುದರಿಂದ. ಕೊಲಾಬಾದ ಆ ಬಡಗಿಗಳ ನೆನಪು ನಮ್ಮ ಹರಟೆಗಳಲ್ಲಿ ಬರುವುದೇ ಇಲ್ಲ. ಬ್ರಿಟಿಷರ ಸಾಹಸವೆಂದು ಓದಿ ಪುಟ ತಿರುವುತ್ತೇವೆ.

ಕಥೆಯ ಉತ್ತರಾರ್ಧ ಇನ್ನೂ ಮುಖ್ಯ. ಸುಹೈಲಿಯನ್ನು ಗೌರವಿಸಲು ಗ್ರೀನಿಚ್ಚಿನ ನ್ಯಾಷನಲ್ ಮ್ಯಾರಿಟೈಮ್ ಮ್ಯೂಸಿಯಮ್ಮಿನೊಳಗೆ ನಿಲ್ಲಿಸಿದ್ದರು. ಸೂರು, ಬೆಳಕು, ಹದವಾದ ಒಣಗಾಳಿ. ಆ ಒಣಗಾಳಿಗೆ ಹಲಗೆಗಳು ಕುಗ್ಗತೊಡಗಿದವು. ಭೂಮಿ ಸುತ್ತಿ ಬಂದ ದೋಣಿ ನೆರಳಲ್ಲಿ ನಿಂತು ಸಾಯತೊಡಗಿತ್ತು. 2002ರಲ್ಲಿ ನಾಕ್ಸ್-ಜಾನ್ಸ್ಟನ್ ಅದನ್ನು ಹೊರತಂದರು. ಆಮೇಲೆ ದುರಸ್ತಿಗೆ ತಾವೇ ಕೈಹಾಕಿದರು. 2018ರಲ್ಲಿ, ಹೊರಟು ಐವತ್ತು ವರ್ಷ ತುಂಬಿದಾಗ, ಅದೇ ದೋಣಿ ಅದೇ ಫಾಲ್ಮತ್ತಿನ ನೀರಿನಲ್ಲಿ ಹಾಯಿ ಬಿಚ್ಚಿತ್ತು.

ನಮ್ಮಲ್ಲಿಯೂ ಇದೇ ಪಾಠ ಕಾಣಸಿಗುತ್ತದೆ. ಕಮಾಂಡರ್ ದಿಲೀಪ್ ದೊಂದೆ 2010ರಲ್ಲಿ ಒಬ್ಬರೇ ಭೂಮಿ ಸುತ್ತಿದ ಮೊದಲ ಭಾರತೀಯರಾದರು. ಅವರ 'ಮ್ಹಾದೆಯಿ' ಗೋವಾದಲ್ಲಿ ಕಟ್ಟಿದ ದೋಣಿ, ಕಟ್ಟುವ ಹಂತದಿಂದಲೇ ಅವರು ಅದರ ಜೊತೆಗಿದ್ದರು. ಗೋವಾದಲ್ಲೇ ಹುಟ್ಟಿದ 'ತಾರಿಣಿ' 2017ರಲ್ಲಿ ಆರು ಮಹಿಳೆಯರನ್ನು, 2024ರಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರು ಅಧಿಕಾರಿಗಳನ್ನು ಹೊತ್ತು ಭೂಮಿ ಸುತ್ತಿತು. ಎರಡನೇ ಸಲ ಹೊರಟಾಗ ಅದಕ್ಕೆ ಏಳು ವರ್ಷ. ಪತ್ರಿಕೆಗಳಲ್ಲಿ ಹಾಯಿ ಬಿಚ್ಚಿದ ಫೋಟೋ ಬಂತು. ಫ್ರೀಮ್ಯಾಂಟಲ್, ಲಿಟಲ್‌ಟನ್, ಪೋರ್ಟ್ ಸ್ಟ್ಯಾನ್ಲಿ, ಕೇಪ್‌ಟೌನ್ ಬಂದರುಗಳಲ್ಲಿ ನಿಂತಾಗಲೆಲ್ಲ ನಡೆದ ರಿಪೇರಿಯ ಫೋಟೋ ನಮ್ಮ ಕಣ್ಣಿಗೆ ಬೀಳಲಿಲ್ಲ. ಆ ಫೋಟೋ ನೋಡಿ ನನಗೆ ಫೋನ್ ಮಾಡುವವರು ಈ ಅರ್ಧವನ್ನೂ ಕಲ್ಪಿಸಿಕೊಳ್ಳಬೇಕು.

ಮುಂಬೈಯಲ್ಲಿ ದೋಣಿಗೆ ಒಂದು ಪಂಚಾಂಗವಿದೆ. ಅಕ್ಟೋಬರಿನಿಂದ ಮೇ ತನಕ ನೀರಿನಲ್ಲಿ, ಮಳೆಗಾಲ ದಡದಲ್ಲಿ. ಭರತ ಇಳಿತದ ಅಂತರ 4 ಮೀಟರ್ ದಾಟುವ ಕೆಸರು ನೀರಿನ ಬಂದರಿದು. ಬೆಚ್ಚಗಿನ ನೀರಿನಲ್ಲಿ ತಳಕ್ಕೆ ಅಂಟುವ ಬಾರ್ನಕಲ್ ಚಿಪ್ಪುಗಳು ಒಂದೇ ಸೀಸನ್ನಿನಲ್ಲಿ ದೋಣಿಯ ವೇಗವನ್ನು ನುಂಗಿಬಿಡುತ್ತವೆ. ಮೇ ತಿಂಗಳಲ್ಲಿ ದೋಣಿ ಮೇಲೆ ಬಂದಾಗ ಅದನ್ನೆಲ್ಲ ಕೆರೆದು, ಉಜ್ಜಿ, ಬಣ್ಣ ಬಳಿಯಬೇಕು. ಹಾಯಿ ತೊಳೆದು, ಒಣಗಿಸಿ, ಬೂಷ್ಟು ಹಿಡಿಯದ ಹಾಗೆ ಮನೆಗೆ ತರಬೇಕು. ನಮ್ಮ ಕರಾವಳಿಯವರಿಗೆ ಇದೇನೂ ಹೊಸದಲ್ಲ. ಕರ್ನಾಟಕದಲ್ಲಿ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಮೀನುಗಾರಿಕೆ ನಿಷೇಧ. ಆ ದಿನಗಳಲ್ಲಿ ಬಲೆ ನೇಯುವುದು, ದೋಣಿ ರಿಪೇರಿ ಮಾಡುವುದು. ಹಂಚಿನ ಮನೆಯವರು ಮಳೆಗೆ ಮುಂಚೆ ವರ್ಷವೂ ಹಂಚು ಕೈಯಾಡಿಸುತ್ತಿದ್ದರು. ಒಡೆದ ಹಂಚು ಒಂದೇ ಇರಲಿ, ಇಡೀ ಮಾಡನ್ನು ನೋಡುತ್ತಿದ್ದರು. ಸೋರಿದ ಮೇಲೆ ಹತ್ತುವುದಲ್ಲ, ಸೋರುವ ಮೊದಲೇ ಹತ್ತುವುದು. ದೋಣಿಯ ನಿರ್ವಹಣೆ ಎಂದರೆ ಅಷ್ಟೇ. ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಸೂರಿನ ಕೆಲಸ ಸೊಸೈಟಿಯ ಸೆಕ್ರೆಟರಿಗೆ ಹೋಯಿತು, ಅಭ್ಯಾಸವೂ ಹೋಯಿತು.

ಮಾಡದೇ ಬಿಟ್ಟರೆ ಏನಾಗುತ್ತದೆ ಎಂಬುದನ್ನು ನಮ್ಮ ಬಂದರಿನ ಅಂಚಿನಲ್ಲೇ ನೋಡಬಹುದು. ಕೆಸರಿನಲ್ಲಿ ಓರೆಯಾಗಿ ಬಿದ್ದ ಫೈಬರ್‌ಗ್ಲಾಸ್ ಒಡಲುಗಳು. ಒಂದು ಕಾಲದಲ್ಲಿ ಯಾರದೋ ಮೊಬೈಲಿನ ವಾಲ್‌ಪೇಪರ್ ಆಗಿದ್ದವು. ಮರದ ದೋಣಿ ಕೊಳೆತು ಮಣ್ಣಾದರೂ ಆಗುತ್ತದೆ. ಇವು ಮಣ್ಣಾಗುವುದಿಲ್ಲ, ಪುಡಿ ಪುಡಿಯಾಗಿ ಮೀನಿನ ಹೊಟ್ಟೆಗೆ ಹೋಗುತ್ತವೆ.

ಇದು ಶ್ರೀಮಂತರ ಚಟ, ಇದರ ಮೇಲೆ ಇಷ್ಟು ಬರೆಯಬೇಕೇ ಎಂದು ಕೇಳುವವರಿಗೂ ಒಂದು ಮಾತು. ಈ ದೇಶದಲ್ಲಿ ಹಾಯಿಯಾಟ ಬಹುಪಾಲು ಸೇನೆ ಮತ್ತು ಕ್ಲಬ್ಬುಗಳ ಬೇಲಿಯೊಳಗಿದೆ, ನಿಜ. ಆ ಬೇಲಿ ದಾಟಲು ಸಂಬಳದವರಿಗೆ ಇರುವ ದಾರಿಯೇ ಹಳೆಯ, ಚಿಕ್ಕ, ಹಂಚಿಕೊಂಡ ದೋಣಿ. ಕೂಲಿ ಉಳಿಸಲು ಸ್ವಂತ ಕೈ. ನಾವು ಮೂವರು ಸಂಬಳದವರೇ. ಕೆಲಸವನ್ನು ನಾವೇ ಕಲಿಯದಿದ್ದರೆ ಎರಡನೇ ವರ್ಷವೇ ಮಾರಬೇಕಾಗಿತ್ತು. ದುಡ್ಡಿರುವವರಿಗೆ ಕೈಕೆಲಸ ಆಯ್ಕೆಯಾಗಿರಬಹುದು, ನಮಗೆ ಅದೇ ಟಿಕೆಟ್ಟು.

ಸಮಯವಿಲ್ಲ ಎನ್ನುವವರಿಗೆ ನನ್ನ ಸಹಾನುಭೂತಿ ಇದೆ, ಸಮ್ಮತಿ ಇಲ್ಲ. ತಿಂಗಳಿಗೆ ಎರಡು ಭಾನುವಾರ ಸಿಕ್ಕದವರು ಸ್ನೇಹಿತರ ದೋಣಿಯಲ್ಲಿ ಹೋಗಿ ಬನ್ನಿ, ಸಂತೋಷವಾಗಿ ಬನ್ನಿ. ಕೊಳ್ಳಬೇಡಿ.

ಕೊಳ್ಳಲೇಬೇಕು ಎನ್ನುವವರು ಕ್ರಮವಾಗಿ ಹೀಗೆ ಮಾಡಿ. ಮೊದಲು ಒಂದು ಪೂರ್ತಿ ವರ್ಷ ಇನ್ನೊಬ್ಬರ ದೋಣಿಯಲ್ಲಿ ದುಡಿಯಿರಿ, ತಳ ಕೆರೆಯುವ ದಿನವೂ ಸೇರಿ. ಎರಡನೆಯದಾಗಿ, 30 ಅಡಿ ದಾಟಬೇಡಿ. ಮೂರನೆಯದಾಗಿ, ದೋಣಿಯನ್ನು ನೀರಿನಿಂದ ಮೇಲೆತ್ತಿಸದೆ ಮುಂಗಡ ಕೊಡಬೇಡಿ. ಮಾರುವವನ ಪರಿಚಯದವನಲ್ಲದ ಸರ್ವೇಯರನ್ನು ನೀವೇ ಹುಡುಕಿ, ಅವನ ಜೊತೆ ನೀವೂ ತಳಕ್ಕೆ ಬಾಗಿ. ನಾಲ್ಕನೆಯದಾಗಿ, ನೋಂದಣಿಯ ಕಾಗದ, ಹೊರದೇಶದಿಂದ ಬಂದದ್ದಾದರೆ ಸುಂಕ ಕಟ್ಟಿದ ರಸೀದಿ, ಎರಡನ್ನೂ ಕಣ್ಣಾರೆ ನೋಡಿ. ಐದನೆಯದಾಗಿ, ಕೊಳ್ಳುವ ಬೆಲೆಯಷ್ಟೇ ಮೊತ್ತ ಮೊದಲ ಎರಡು ವರ್ಷದ ರಿಪೇರಿಗೆ ಬ್ಯಾಂಕಿನಲ್ಲಿರಲಿ. ಇಲ್ಲದಿದ್ದರೆ ಅರ್ಧ ಬೆಲೆಯ ದೋಣಿ ಹುಡುಕಿ. ಕೊನೆಯದಾಗಿ, ಆ ದೋಣಿಯ ತಾಂಡೇಲನನ್ನು ಮಾಲೀಕನಿಲ್ಲದ ಹೊತ್ತಿನಲ್ಲಿ ಮಾತಾಡಿಸಿ, ಚಹಾ ಕುಡಿಸಿ. ಅವನಿಗೆ ಎಲ್ಲ ಗೊತ್ತು, ಯಾರೂ ಕೇಳಿರುವುದಿಲ್ಲ.

ನಮ್ಮ ದೋಣಿ ಮೇ ಮೂರನೇ ವಾರ ಮೇಲೆ ಬರುತ್ತದೆ. ತಳ ಕೆರೆಯಲು ಇಬ್ಬರು ಬೇಕು. ಬಣ್ಣದ ಪುಡಿ ವಿಷ, ಮಾಸ್ಕು ಕೈಗವಸು ನಾವು ಕೊಡುತ್ತೇವೆ. ಹಳೇ ಬಟ್ಟೆ ನಿಮ್ಮದು. ದೋಣಿ ಕೊಳ್ಳಲಾ ಎಂದು ಕೇಳುವವರು ಅಕ್ಟೋಬರಿನಲ್ಲಿ ಫೋನ್ ಮಾಡುವ ಬದಲು ಆ ವಾರ ಬನ್ನಿ.